ಗಾಜಿನ ತೊಟ್ಟಿಗೊಂದು ಸಂಜೆ

ಹೋದ ಶ್ರಾವಣದ ಒಂದು ರಾತ್ರಿ. ವಾಸ್ಕೊದ ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ್ದೆವು. ಹೊರಗೆ ಗೋವೆಯ ಮಳೆ, ತಗಡಿನ ಮೇಲೆ ಬೀಳುವ ಅದರ ಸದ್ದಿನಲ್ಲಿ ಬೇರೇನೂ ಕೇಳುವಂತಿರಲಿಲ್ಲ. ಎರಡು ಗಂಟೆಯ ಹೊತ್ತಿಗೆ ನೀರು ಕುಡಿಯಲೆಂದು ಎದ್ದೆ. ನಡುಮನೆಯ ಬಾಗಿಲ ಸಂದಿಯಲ್ಲಿ ಹಗಲಿನಂಥ ಬೆಳಕು. ಹೋಗಿ ನೋಡಿದರೆ ಮೀನಿನ ತೊಟ್ಟಿಯ ಎಲ್‌ಇಡಿ ದೀಪ ತನ್ನ ಪೂರ್ತಿ ಶಕ್ತಿಯಲ್ಲಿ ಉರಿಯುತ್ತಿತ್ತು. ಹಗಲಲ್ಲೂ ನಾನು ಅದನ್ನು ನೂರಕ್ಕೆ ಅರವತ್ತರ ಮೇಲೆ ಏರಿಸುವುದಿಲ್ಲ, ರಾತ್ರಿ ಎಂಟರ ಮೇಲಂತೂ ಅದು ಆರಿರಬೇಕು. ಬಾರ್ಬ್ ಮೀನುಗಳು ಒಂದು ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡಿದ್ದವು. ಝೀಬ್ರಾ ಮೀನೊಂದು ನೆಲದ ಮೇಲೆ ಬಿದ್ದಿತ್ತು. ಅದು ಯಾವಾಗ ಹಾರಿತ್ತೋ, ಮೈ ಒಣಗಿಹೋಗಿತ್ತು.

ಬೆಳಿಗ್ಗೆ ಕಾರಣ ಸಿಕ್ಕಿತು. ಬೆಳಕಿನ ಆಜ್ಞೆ ಕೊಡುವ ಕಂಟ್ರೋಲರ್‌ನಿಂದ ದೀಪಕ್ಕೆ ಕರೆಂಟ್ ಕೊಡುವ ಡ್ರೈವರ್‌ಗೆ ಹೋಗುವ ಎರಡು ತೆಳು ತಂತಿಗಳಲ್ಲಿ ಒಂದರ ತುದಿ ಹಸಿರುಗಟ್ಟಿ ಮುರಿದಿತ್ತು. ಸಮುದ್ರದ ಗಾಳಿ ತಾಮ್ರವನ್ನು ತಿನ್ನುವ ಬಗೆ ಅದು. ಆ ಜಾತಿಯ ಡ್ರೈವರ್‌ಗೆ ‘ಇಷ್ಟು ಬೆಳಕು ಕೊಡು’ ಎಂಬ ಆಜ್ಞೆ ಬಾರದಿದ್ದರೆ ಅದು ಪೂರ್ತಿ ಬೆಳಕನ್ನೇ ಕೊಡುತ್ತದೆ. ಆಜ್ಞೆ ಇಲ್ಲವೆಂದರೆ ದೀಪ ಆರುತ್ತದೆ ಎಂದು ನಾನು ತಿಳಿದಿದ್ದೆ. ಆ ತಪ್ಪು ತಿಳಿವಳಿಕೆಗೆ ಒಂದು ಜೀವ ಹೋಯಿತು. ಈ ಭಾಷಣದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ರಾತ್ರಿಯಿಂದಲೇ ಹುಟ್ಟಿದ್ದು.

ತೊಟ್ಟಿಯ ಮೀನಿಗೆ ರೆಪ್ಪೆಯಿಲ್ಲ. ನಾವು ಕತ್ತಲಕೋಣೆಯಿಂದ ಬಿಸಿಲಿಗೆ ಬಂದರೆ ಕಣ್ಣು ಕಿರಿದು ಮಾಡುತ್ತೇವೆ, ಕೈ ಅಡ್ಡ ಹಿಡಿಯುತ್ತೇವೆ, ನಮ್ಮ ಕಣ್ಣಪಾಪೆಯೂ ತಾನಾಗಿ ಕುಗ್ಗುತ್ತದೆ. ಮೂಳೆಮೀನುಗಳಲ್ಲಿ ಬಹುಪಾಲಿನವಕ್ಕೆ ಪಾಪೆಯೂ ಕುಗ್ಗುವುದಿಲ್ಲ. ಅವುಗಳ ಹೊಂದಾಣಿಕೆಯೆಲ್ಲ ಕಣ್ಣಿನ ಹಿಂದಿನ ಪರದೆಯಲ್ಲಿ. ಮಬ್ಬಿನಲ್ಲಿ ನೋಡುವ ಕೋಶಗಳು ಬೆಳಕು ಬಂದಾಗ ಹಿಂದಕ್ಕೆ ಚಾಚಿ ಕಪ್ಪು ಬಣ್ಣದ ಪದರದಲ್ಲಿ ಅಡಗುತ್ತವೆ, ಹಗಲಿನಲ್ಲಿ ನೋಡುವ ಕೋಶಗಳು ಮುಂದಕ್ಕೆ ಬರುತ್ತವೆ. ಕತ್ತಲಾದರೆ ಇದೆಲ್ಲ ಹಿಂದುಮುಂದಾಗುತ್ತದೆ. ಕೋಶಗಳು ನಿಜವಾಗಿ ಜಾಗ ಬದಲಿಸುವ ಕೆಲಸವಿದು, ಅರ್ಧ ಗಂಟೆ ಬೇಕು, ಕೆಲವು ಸಲ ಅದಕ್ಕೂ ಹೆಚ್ಚು. ಹೀಗಿರುವ ಕಣ್ಣಿಗೆ ನಾವು ಒಂದು ಸ್ವಿಚ್ಚು ಒತ್ತಿ ಅಮಾವಾಸ್ಯೆಯ ನಡುರಾತ್ರಿಯ ಜಾಗಕ್ಕೆ ವೈಶಾಖದ ಮಧ್ಯಾಹ್ನವನ್ನು ಒಂದೇ ಕ್ಷಣದಲ್ಲಿ ತಂದಿಡುತ್ತೇವೆ. ಮೀನು ಗಾಜಿಗೆ ಹೊಡೆದುಕೊಂಡರೆ ‘ಎಷ್ಟು ಚುರುಕಾಗಿದೆ ನೋಡು’ ಎನ್ನುವವರನ್ನು ನಾನು ಕಂಡಿದ್ದೇನೆ. ಅದು ಚುರುಕಲ್ಲ, ಕಂಗಾಲು.

ಗಿಡದ ಮಾತೂ ಹಾಗೆಯೇ. ನಮ್ಮ ಧಾರವಾಡದ ಕಡೆ ಹೊತ್ತು ಮುಳುಗಿದ ಮೇಲೆ ಯಾರಾದರೂ ಹಿತ್ತಲಲ್ಲಿ ಕರಿಬೇವು ಕೀಳಲು ಹೋದರೆ ಹಿರಿಯರು ತಡೆಯುತ್ತಾರೆ. “ಈಗ ಗಿಡಕ್ಕ ಕೈ ಹಚ್ಚಬ್ಯಾಡೋ ತಮ್ಮಾ, ಅದು ಮಲಗಿರ್ತದ” ಎಂದು ನಮ್ಮವ್ವ ಹೇಳುತ್ತಿದ್ದಳು. ಅದು ಬರೀ ನಂಬಿಕೆಯೆಂದು ನಾನು ಬಹಳ ದಿನ ತಿಳಿದಿದ್ದೆ. ತೊಟ್ಟಿಯಲ್ಲಿ ಆಂಬುಲಿಯಾ ಎಂದು ಮಾರುವ ಗರಿಗರಿ ಎಲೆಯ ಗಿಡ ನೆಟ್ಟ ಮೇಲೆ ಅವ್ವನ ಮಾತು ಕಣ್ಣಿಗೇ ಕಂಡಿತು. ಸಂಜೆ ಅದು ತುದಿಯ ಎಲೆಗಳನ್ನು ಕೈಮುಗಿದಂತೆ ಮೇಲಕ್ಕೆ ಮಡಚುತ್ತದೆ. ಇನ್ನೂ ಅಚ್ಚರಿಯ ಸಂಗತಿಯೆಂದರೆ, ದೀಪ ಪ್ರತಿದಿನ ಒಂದೇ ಹೊತ್ತಿಗೆ ಆರುತ್ತಿದ್ದರೆ ಕೆಲವೇ ವಾರಗಳಲ್ಲಿ ಅದು ದೀಪಕ್ಕಾಗಿ ಕಾಯುವುದನ್ನು ಬಿಡುತ್ತದೆ, ಬೆಳಕು ಇನ್ನೂ ಇರುವಾಗಲೇ ಮಡಚಲು ಶುರುಮಾಡುತ್ತದೆ. 1729ರಲ್ಲಿ ಫ್ರಾನ್ಸಿನ ದ ಮೇರಾನ್ ಎಂಬ ಖಗೋಳ ವಿಜ್ಞಾನಿ ನಮ್ಮ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದ. ಸೂರ್ಯನನ್ನು ಕಾಣದೆಯೂ ಅದು ಹಗಲಿಗೆ ಎಲೆ ಬಿಚ್ಚಿ ರಾತ್ರಿಗೆ ಮುಚ್ಚಿತು. ಜೀವದೊಳಗೇ ಒಂದು ಗಡಿಯಾರವಿದೆ ಎಂಬ ತಿಳಿವು ಅಲ್ಲಿಂದ ಬೆಳೆಯಿತು. ಆ ಗಡಿಯಾರವನ್ನು ನಡೆಸುವ ಜೀನುಗಳನ್ನು ಹಣ್ಣಿನ ನೊಣದಲ್ಲಿ ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಝೀಬ್ರಾ ಮೀನು ನಮ್ಮ ದೇಶದ ಹಳ್ಳಕೊಳ್ಳಗಳದ್ದೇ. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಅದನ್ನು ಸಾಕುವವರು 14 ಗಂಟೆ ಬೆಳಕು, 10 ಗಂಟೆ ಕತ್ತಲು ಎಂಬ ನೇಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಬೆಳಿಗ್ಗೆ ದೀಪ ಬಂದ ಸ್ವಲ್ಪ ಹೊತ್ತಿಗೇ ಅದು ಮೊಟ್ಟೆಯಿಡುತ್ತದೆ. ದೀಪದ ಹೊತ್ತು ತಪ್ಪಿದರೆ ಅಲ್ಲಿ ಕೆಲಸವೇ ನಿಲ್ಲುತ್ತದೆ.

ಆದ್ದರಿಂದ ಬೆಳಕನ್ನು ಏರಿಸಿ ಇಳಿಸುವ ದೀಪ, ಅದಕ್ಕೊಂದು ಕಂಟ್ರೋಲರ್ ಎಂದರೆ ಶೋಕಿಯ ಮಾತೆಂದು ತಿಳಿಯಬೇಡಿ. ಅದರ ನಿಜವಾದ ಕೆಲಸ ಬೆಳಕು ಕೊಡುವುದಲ್ಲ, ಹೊತ್ತು ಕೊಡುವುದು: ಒಂದು ಬೆಳಗು, ಒಂದು ಸಂಜೆ, ನಡುವೆ ನಿಜವಾದ ಕತ್ತಲು.

ಎಂಥ ಸಂಜೆ? ಇಲ್ಲಿ ಗೋವೆಯ ಆಕಾಶವನ್ನೇ ಮಾದರಿಯಾಗಿ ಇಟ್ಟುಕೊಳ್ಳಬಹುದು. ಬೋಗ್ಮಾಳೊ ಕಡಲ ದಂಡೆಯಲ್ಲಿ ಕೂತು ನೋಡಿ. ಸೂರ್ಯ ನೀರಿಗೆ ಇಳಿದ ಮೇಲೆ ಇಪ್ಪತ್ತು ಇಪ್ಪತ್ತೆರಡು ನಿಮಿಷದಲ್ಲಿ ಕೈಯಲ್ಲಿರುವ ಕಾಗದ ಓದಲು ಕಷ್ಟವಾಗುತ್ತದೆ. ನಾವಿರುವುದು ಉತ್ತರ ಅಕ್ಷಾಂಶ ಹದಿನೈದೂವರೆ ಡಿಗ್ರಿಯ ಹತ್ತಿರ. ಇಲ್ಲಿ ಸೂರ್ಯ ಕಡಿದಾಗಿ ಇಳಿಯುತ್ತಾನೆ, ಯುರೋಪಿನ ಬೇಸಿಗೆಯ ಹಾಗೆ ಸಂಜೆ ಗಂಟೆಗಟ್ಟಲೆ ಎಳೆಯುವುದಿಲ್ಲ. ಹೊರದೇಶದ ದೀಪಗಳ ಜೊತೆ ಬರುವ ಸಿದ್ಧ ಕಾರ್ಯಕ್ರಮಗಳಲ್ಲಿ ಎರಡೆರಡು ಗಂಟೆಯ ಬೆಳಗು, ಎರಡೆರಡು ಗಂಟೆಯ ಸಂಜೆ ಇರುವುದನ್ನು ನೋಡಿದ್ದೇನೆ. ನಮ್ಮ ಹಳ್ಳದ ಮೀನಿಗೆ, ನಮ್ಮ ಕೆರೆಯ ಗಿಡಕ್ಕೆ ಅರ್ಧ ಗಂಟೆ ಸಾಕು. ದಿನದ ಉದ್ದವೂ ಇಲ್ಲಿ ಹೆಚ್ಚು ಬದಲಾಗದು, ಜೂನ್ ಕೊನೆಗೆ ಸುಮಾರು 13 ಗಂಟೆ, ಡಿಸೆಂಬರ್ ಕೊನೆಗೆ 11 ಗಂಟೆ 12 ನಿಮಿಷದ ಸುತ್ತಮುತ್ತ. ಇನ್ನೊಂದು ಸಂಗತಿ. ನಮ್ಮ ಗಡಿಯಾರದ ಹನ್ನೆರಡು ಗೋವೆಯ ನಡುಹಗಲಲ್ಲ. ಭಾರತದ ಸಮಯ ಮಿರ್ಜಾಪುರದ ಹತ್ತಿರ ಹಾಯುವ ಎಂಬತ್ತೆರಡೂವರೆ ಡಿಗ್ರಿ ರೇಖೆಯದು. ಪಣಜಿ ಅದಕ್ಕಿಂತ ಎಂಟೂ ಮುಕ್ಕಾಲು ಡಿಗ್ರಿಯಷ್ಟು ಪಶ್ಚಿಮಕ್ಕಿದೆ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12 ಗಂಟೆ 35 ನಿಮಿಷಕ್ಕೆ, ನವೆಂಬರ್ ಮೊದಲಲ್ಲಿ 12.18ಕ್ಕೇ ಬಂದರೆ ಫೆಬ್ರವರಿ ನಡುವಿನಲ್ಲಿ 12.49 ಆಗುತ್ತದೆ. ಕಿಟಕಿಯ ಬೆಳಕು ಬೀಳುವ ಕೋಣೆಯಲ್ಲಿ ತೊಟ್ಟಿ ಇಟ್ಟವರು ಇದನ್ನು ನೆನಪಿಡಬೇಕು, ಏಕೆಂದರೆ ನಿಮ್ಮ ದೀಪ ಮಲಗಿದ್ದಾಗಲೂ ಸೂರ್ಯ ಪಾಚಿಗೆ ಊಟ ಹಾಕುತ್ತಿರುತ್ತಾನೆ.

ಈಗ ತಂತಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಹೆಚ್ಚಿನವರು ಎಡವುವುದು ಇಲ್ಲೇ.

ಗೋವೆಯಲ್ಲಿ ಮನೆಗೆ ವೈರಿಂಗ್ ಮಾಡಲು ಬರುವ ಹುಡುಗ ಎಷ್ಟೋ ಸಲ ನಮ್ಮವನೇ ಆಗಿರುತ್ತಾನೆ, ಗದಗಿನವನೋ ಬಾಗಲಕೋಟೆಯವನೋ ಹಾವೇರಿಯವನೋ. ನಮ್ಮ ಮನೆಗೆ ಬಂದವನು ರೋಣದ ಕಡೆಯವನು. ದೀಪವನ್ನು ನೋಡಿ, “ಅಣ್ಣಾರ, ಇಷ್ಟಕ್ಕ ಯಾಕ ಇಷ್ಟ ತ್ರಾಸು? ಒಂದು ಫ್ಯಾನಿನ ರೆಗ್ಯುಲೇಟರ್ ಹಚ್ಚಿದ್ರ ಆತಲ್ರೀ” ಎಂದ. ಕೆಲಸ ಬಲ್ಲ ಹುಡುಗ, ಕೇಳಿದ್ದೂ ಸಹಜವಾದ ಪ್ರಶ್ನೆ. ಹಳೆಯ ಬುರುಡೆ ಬಲ್ಬಿಗೆ ಅದು ನಡೆಯುತ್ತಿತ್ತು. ರೆಗ್ಯುಲೇಟರ್ 230 ವೋಲ್ಟಿನ ಅಲೆಯನ್ನು ಕತ್ತರಿಸಿಯೋ ತಗ್ಗಿಸಿಯೋ ಕಳಿಸುತ್ತದೆ. ಆದರೆ ಎಲ್‌ಇಡಿಯ ಹಿಂದೆ ಒಂದು ಡ್ರೈವರ್ ಕೂತಿದೆ. ಒಳಗೆ ಎಷ್ಟೇ ಏರುಪೇರಾದರೂ ಹೊರಗೆ ಒಂದೇ ಅಳತೆಯ ಕರೆಂಟ್ ಕೊಡುವುದೇ ಅದರ ಧರ್ಮ. ನಾವು ಹಿಂದಿನಿಂದ ಕತ್ತರಿಸುತ್ತ ಹೋದರೆ ಅದು ಮುಂದೆ ತುಂಬಿಸಲು ಹೆಣಗುತ್ತದೆ. ದೀಪ ಮಿಣುಕುತ್ತದೆ, ಡ್ರೈವರ್ ಗುಂಯ್‌ಗುಡುತ್ತದೆ, ಬಿಸಿಯಾಗಿ ಕೊನೆಗೆ ಸುಡುತ್ತದೆ. ಆದ್ದರಿಂದ ಬೆಳಕನ್ನು ತಗ್ಗಿಸುವ ಆಜ್ಞೆ 230 ವೋಲ್ಟಿನ ದಾರಿಯಲ್ಲಿ ಹೋಗಬಾರದು, ಅದಕ್ಕೆಂದೇ ಇರುವ ಬೇರೆ ಎರಡು ತಂತಿಯಲ್ಲಿ ಹೋಗಬೇಕು. ಇಷ್ಟು ಹೇಳಿದ್ದೇ ಆ ಹುಡುಗ ಡ್ರೈವರ್ ಎತ್ತಿ ಅದರ ಮೈಮೇಲಿನ ಚೀಟಿ ಓದತೊಡಗಿದ. ಅಲ್ಲಿಂದಲೇ ಕೆಲಸ ಶುರುವಾಗಬೇಕು.

ಆ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಭಾಷೆಗಳಲ್ಲಿ ಒಂದು ಇರುತ್ತದೆ. ಮೊದಲನೆಯದು ಸೊನ್ನೆಯಿಂದ ಹತ್ತು ವೋಲ್ಟ್. ಕಂಟ್ರೋಲರ್ ಹತ್ತು ವೋಲ್ಟ್ ಕೊಟ್ಟರೆ ಪೂರ್ತಿ ಬೆಳಕು, ಐದು ಕೊಟ್ಟರೆ ಅರ್ಧ. ನಲ್ಲಿಯ ಚಾವಿಯನ್ನು ಮೆಲ್ಲಗೆ ತಿರುಗಿಸಿದ ಹಾಗೆ. ಎರಡನೆಯದು ಪಿಡಬ್ಲ್ಯೂಎಂ. ಇಲ್ಲಿ ವೋಲ್ಟೇಜ್ ಕಡಿಮೆಯಾಗುವುದಿಲ್ಲ, ಕಂಟ್ರೋಲರ್ ಸೆಕೆಂಡಿಗೆ ನೂರಾರು ಸಲ ಹಚ್ಚಿ ಆರಿಸುತ್ತದೆ. ಹಚ್ಚಿದ ಹೊತ್ತು ನಾಲ್ಕರಲ್ಲಿ ಒಂದು ಪಾಲಾದರೆ ಬೆಳಕೂ ನಾಲ್ಕರಲ್ಲಿ ಒಂದು ಪಾಲು. ಕಣ್ಣಿಗೆ ಅದು ತಡೆಯಿಲ್ಲದ ಬೆಳಕಾಗಿಯೇ ಕಾಣುತ್ತದೆ. ಒಂದು ಭಾಷೆಯ ಕಂಟ್ರೋಲರನ್ನು ಇನ್ನೊಂದು ಭಾಷೆಯ ಡ್ರೈವರ್‌ಗೆ ಜೋಡಿಸಿದರೆ ಅವು ಒಂದನ್ನೊಂದು ತಿಳಿಯವು. ಹೆಸರು ಒಂದೇ ಇದ್ದರೂ ಸಾಲದು. ಮೀನ್‌ವೆಲ್ ಕಂಪನಿಯ ಇಎಲ್‌ಎನ್-60-48 ಡ್ರೈವರ್‌ನ ಕೊನೆಯಲ್ಲಿ ‘ಡಿ’ ಅಕ್ಷರವಿದ್ದರೆ ಅದಕ್ಕೆ ಏರಿಳಿಯುವ ವೋಲ್ಟ್ ಬೇಕು, ‘ಪಿ’ ಇದ್ದರೆ ಪಿಡಬ್ಲ್ಯೂಎಂ ಬೇಕು, ಅದೂ ಹತ್ತು ವೋಲ್ಟ್ ಎತ್ತರದ್ದು. ಅದೇ ಕಂಪನಿಯ ಪುಟ್ಟ ಎಲ್‌ಡಿಡಿ-ಎಚ್ ಡ್ರೈವರ್‌ಗೆ ಐದು ವೋಲ್ಟಿನ ಪಿಡಬ್ಲ್ಯೂಎಂ ಸಾಕು, ವೇಗ ಮಾತ್ರ ಸೆಕೆಂಡಿಗೆ ನೂರರಿಂದ ಸಾವಿರದ ಒಳಗಿರಬೇಕು. ಕಂಟ್ರೋಲರನ್ನು ಮನೆಯಲ್ಲೇ ಕಟ್ಟುವವರು ಬಳಸುವ ಆರ್ಡುಯಿನೊ ಬೋರ್ಡು ಸಾಮಾನ್ಯವಾಗಿ ಸೆಕೆಂಡಿಗೆ 490 ಸಲ ಬಡಿಯುತ್ತದೆ, ಹಾಗಾಗಿ ಈ ಎರಡೂ ಚೆನ್ನಾಗಿ ಹೊಂದುತ್ತವೆ.

ಎರಡು ಭಾಷೆಗಳ ನಡುವೆ ದುಭಾಷಿಯನ್ನು ಇಡಬಹುದು. ಆರ್ಡುಯಿನೊದ ಬಡಿತವನ್ನು ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಮೂಲಕ ಹಾಯಿಸಿದರೆ ಅದು ನಯವಾದ ವೋಲ್ಟೇಜ್ ಆಗುತ್ತದೆ. ಅದನ್ನು ಎಲ್‌ಎಂ 358 ಎಂಬ ಎಂಟು ಕಾಲಿನ ಐಸಿಯಿಂದ ಎರಡು ಪಟ್ಟು ಹಿಗ್ಗಿಸಿದರೆ ಐದರ ಜಾಗದಲ್ಲಿ ಹತ್ತು ವೋಲ್ಟ್ ಸಿಗುತ್ತದೆ. ನಮ್ಮ ಪಾಲಿಟೆಕ್ನಿಕ್ ಹುಡುಗರಿಗೆ ಒಂದು ಭಾನುವಾರದ ಕೆಲಸ. ಮೊದಲು ಮಲ್ಟಿಮೀಟರ್ ಇಟ್ಟು ಅರ್ಧ ಎಂದಾಗ ಐದು, ಪೂರ್ತಿ ಎಂದಾಗ ಹತ್ತು ಬರುತ್ತದೆಯೇ, ಹತ್ತನ್ನು ಮೀರುತ್ತಿಲ್ಲವೇ ಎಂದು ನೋಡಿ ಆಮೇಲೆ ಡ್ರೈವರ್‌ಗೆ ಕೊಡಿ. ಪ್ಲಸ್ಸು ಮೈನಸ್ಸು ತಿರುಗಿಸಬೇಡಿ. ಎರಡು ಡ್ರೈವರ್‌ಗಳನ್ನು ಒಂದೇ ಆಜ್ಞೆಯಲ್ಲಿ ನಡೆಸಬೇಕಾದರೆ ಆಜ್ಞೆಯ ತಂತಿಗಳನ್ನು ಮಾತ್ರ ಪಕ್ಕಪಕ್ಕಕ್ಕೆ ಸೇರಿಸಿ. ಎಲ್‌ಇಡಿಗೆ ಹೋಗುವ ತಂತಿಗಳು ಎಂದೂ ಒಂದನ್ನೊಂದು ಮುಟ್ಟಬಾರದು. ಕಂಟ್ರೋಲರ್‌ನ ಮೈನಸ್ಸೂ ಡ್ರೈವರ್‌ನ ಆಜ್ಞೆಯ ಮೈನಸ್ಸೂ ಕೂಡಿರಲೇಬೇಕು. ಒಂದೇ ತಂತಿ ಎಳೆದು ‘ಕೆಲಸ ಮಾಡುತ್ತಿಲ್ಲ’ ಎನ್ನುವವರು ಮರೆತಿರುವುದು ಸಾಮಾನ್ಯವಾಗಿ ಇದನ್ನೇ.

ಅಂಟಿಸುವ ಪಟ್ಟಿ ದೀಪಗಳ ಲೆಕ್ಕ ಬೇರೆ. 12 ಅಥವಾ 24 ವೋಲ್ಟಿನ ಆ ಪಟ್ಟಿಗಳಿಗೆ ಪ್ರತ್ಯೇಕ ಆಜ್ಞೆಯ ತಂತಿಯಿಲ್ಲ, ಕಂಟ್ರೋಲರ್ ಅವುಗಳ ವಿದ್ಯುತ್ತನ್ನೇ ಹಚ್ಚಿ ಆರಿಸುತ್ತದೆ. ಟಿಸಿ 420 ಎಂಬ ಅಗ್ಗದ ಡಬ್ಬಿ ಇದಕ್ಕೆ ಹೆಸರಾದದ್ದು. ಐದು ಚಾನೆಲ್, ಒಂದೊಂದಕ್ಕೆ ನಾಲ್ಕು ಆಂಪಿಯರ್. ಹನ್ನೆರಡು ವೋಲ್ಟಿನಲ್ಲಿ ಒಂದು ಚಾನೆಲ್‌ಗೆ 48 ವ್ಯಾಟ್ ಎಂದಾಯಿತು. ಎರಡು ಅಡಿಯ ತೊಟ್ಟಿಗೆ ಅಷ್ಟು ಬೇಕೂ ಇಲ್ಲ.

ದುಬಾರಿ ಕಂಟ್ರೋಲರ್‌ಗಳೂ ಇವೆ. ಅಮೆರಿಕದ ಅಪೆಕ್ಸ್, ಜರ್ಮನಿಯ ಪ್ರೊಫಿಲಕ್ಸ್ ಇವು ಹವಳ ಸಾಕುವವರಿಗಾಗಿ ಬೆಳೆದ ಯಂತ್ರಗಳು. ಅಪೆಕ್ಸಿನಲ್ಲಿ ಇಂಟರ್ನೆಟ್ ಕೇಬಲ್ ಸಿಕ್ಕಿಸುವಂಥ ಒಂದು ಕಂಡಿಯಲ್ಲೇ ಎರಡು ಆಜ್ಞೆಗಳು ಬರುತ್ತವೆ. ಪ್ರೊಫಿಲಕ್ಸಿನದು ಒಂದರಿಂದ ಹತ್ತು ವೋಲ್ಟಿನ ರೀತಿ, ಅದರಲ್ಲಿ ಸಾಮಾನ್ಯವಾಗಿ ಆಜ್ಞೆಯಿಂದಲೇ ದೀಪ ಪೂರ್ತಿ ಆರುವುದಿಲ್ಲ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ಮೇಲೆ ನಡೆಯುವ ರೀಫ್-ಪೈ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು. ನನ್ನ ಒಲವು ಅದರ ಕಡೆಗೆ. ಅದು ಬಳಸುವ ಪಿಸಿಎ 9685 ಎಂಬ ಚಿಪ್ಪಿನಲ್ಲಿ ಕತ್ತಲಿಂದ ಬೆಳಕಿಗೆ 4096 ಮೆಟ್ಟಿಲುಗಳಿವೆ, ಆರ್ಡುಯಿನೊದ ಸಾಮಾನ್ಯ ರೀತಿಯಲ್ಲಿ 256. ನಮ್ಮ ಕಣ್ಣು ಬೆಳಕನ್ನು ಕೂಡಿ ಕಳೆದು ಅಳೆಯುವುದಿಲ್ಲ, ಪಟ್ಟು ಕಟ್ಟಿ ಅಳೆಯುತ್ತದೆ. ನೂರಕ್ಕೆ ಐವತ್ತರಿಂದ ಐವತ್ತೊಂದಕ್ಕೆ ಏರಿದ್ದು ಗೊತ್ತೇ ಆಗದು, ಒಂದರಿಂದ ಎರಡಕ್ಕೆ ಏರಿದರೆ ಬೆಳಕು ಎರಡು ಪಟ್ಟಾಯಿತು. ಬೆಳಗಿನ ಮೊದಲ ಹತ್ತು ನಿಮಿಷದಲ್ಲಿ ಮೆಟ್ಟಿಲು ಚಿಕ್ಕವಿದ್ದಷ್ಟೂ ಒಳ್ಳೆಯದು. ಅದಕ್ಕಾಗಿ ನಾನು ಏರಿಕೆಯನ್ನು ನೇರ ಗೆರೆಯಾಗಿ ಹಾಕುವುದಿಲ್ಲ. ಮೊದಲ ಹತ್ತು ನಿಮಿಷಕ್ಕೆ ಸೊನ್ನೆಯಿಂದ ಐದು, ಮುಂದಿನ ಹತ್ತಕ್ಕೆ ಇಪ್ಪತ್ತು, ಕೊನೆಯ ಹತ್ತಕ್ಕೆ ಅರವತ್ತು.

ಇನ್ನು ಆ ರಾತ್ರಿಯ ಪಾಠ. ಆಜ್ಞೆಯ ತಂತಿ ಕಡಿದರೆ ನಿಮ್ಮ ಡ್ರೈವರ್ ಏನು ಮಾಡುತ್ತದೆ? ಕೆಲವು ಆರುತ್ತವೆ, ಎಲ್‌ಡಿಡಿಯಂಥವು ಪೂರ್ತಿ ಉರಿಯುತ್ತವೆ. ಜೋಡಿಸಿದ ದಿನವೇ ತಂತಿ ಕಿತ್ತು ನೋಡಿ ತಿಳಿದುಕೊಳ್ಳಿ. ಮತ್ತೆ ಕೆಲವು ಡ್ರೈವರ್‌ಗಳು ಸೊನ್ನೆ ವೋಲ್ಟ್ ಕೊಟ್ಟರೂ ನೂರಕ್ಕೆ ಹತ್ತರಷ್ಟು ಬೆಳಗುತ್ತಲೇ ಇರುತ್ತವೆ. ಎರಡಕ್ಕೂ ಮದ್ದು ಒಂದೇ: ಡ್ರೈವರ್‌ನ, ಇಲ್ಲವೇ ಅದಕ್ಕೆ ವಿದ್ಯುತ್ ಕೊಡುವ ಅಡಾಪ್ಟರಿನ, 230 ವೋಲ್ಟನ್ನು ಕಂಟ್ರೋಲರ್ ನಡೆಸುವ ಸ್ವಿಚ್ಚಾದ ಒಂದು ರಿಲೇ ಮೂಲಕ ಕೊಡುವುದು. ಸಂಜೆ ಆಜ್ಞೆ ತಳಕ್ಕೆ ಇಳಿದ ಮೇಲೆ ರಿಲೇ ಮೇನನ್ನೇ ಕಡಿಯುತ್ತದೆ. ಆಮೇಲೆ ತಂತಿ ಕಡಿದರೂ ನಡುರಾತ್ರಿಯಲ್ಲಿ ಸೂರ್ಯ ಹುಟ್ಟುವುದಿಲ್ಲ. ಹತ್ತರಿಂದ ಸೊನ್ನೆಗೆ ಬೀಳುವ ಆ ಒಂದು ಸಣ್ಣ ಕುಸಿತ ಮೀನಿಗೆ ತಟ್ಟದಿರಲೆಂದು ಆಗ ಕೋಣೆಯ ದೀಪ ಉರಿಯುತ್ತಿರುವಂತೆ ನೋಡಿಕೊಳ್ಳಿ. ಮೊದಲು ತೊಟ್ಟಿ ಮಲಗಲಿ, ಆಮೇಲೆ ಮನೆ.

ಗಡಿಯಾರದ ಮಾತು ಬಾಕಿ ಇದೆ. ಗೋವೆಯ ಜನಕ್ಕೆ ತಾನಾಗಿ ನಡೆಯುವ ಯಂತ್ರ ಹೊಸದಲ್ಲ. ಮಾಂಡವಿ, ಝುವಾರಿಗಳ ದಂಡೆಯ ಖಾಜನ್ ಗದ್ದೆಗಳ ಒಡ್ಡಿನಲ್ಲಿ ಮಾನಸ್ ಎಂಬ ಮರದ ತೂಬಿನ ಬಾಗಿಲಿರುತ್ತದೆ. ಭರತದ ನೀರು ಹೊರಗಿನಿಂದ ಒತ್ತಿದಾಗ ಅದು ಮುಚ್ಚುತ್ತದೆ, ಉಪ್ಪುನೀರು ಗದ್ದೆಗೆ ನುಗ್ಗದು. ಇಳಿತದಲ್ಲಿ ಒಳಗಿನ ನೀರು ಒತ್ತಿದಾಗ ತೆರೆಯುತ್ತದೆ. ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುವ ಭರತದ ಹೊತ್ತನ್ನು ಯಾರೂ ಅದಕ್ಕೆ ಹೇಳಿಕೊಡಬೇಕಿಲ್ಲ. ಅದನ್ನು ಮೊದಲ ಸಲ ನೋಡಿದ ದಿನ ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ. ನಮ್ಮ ದೀಪಕ್ಕೆ ಆ ಭಾಗ್ಯವಿಲ್ಲ, ಅದಕ್ಕೆ ಹೊತ್ತನ್ನು ನಾವೇ ಕೊಡಬೇಕು. ಕೊಟ್ಟ ಹೊತ್ತು ಕರೆಂಟ್ ಹೋದಾಗಲೂ ಉಳಿಯಬೇಕು. ಪ್ಲಗ್ಗಿಗೆ ಸಿಕ್ಕಿಸುವ ತಿರುಗು ಟೈಮರ್‌ನಲ್ಲಿ ಕಾಲು ಗಂಟೆಗೊಂದರಂತೆ 96 ಹಲ್ಲುಗಳಿರುತ್ತವೆ. ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಒಂದು ದಿನ ಎರಡು ಗಂಟೆ, ಇನ್ನೊಂದು ದಿನ ಮೂರು ಗಂಟೆ ಹೋದರೆ ಚವತಿ ಹಬ್ಬದ ಹೊತ್ತಿಗೆ ಮೀನಿನ ಸಂಜೆ ನಡುರಾತ್ರಿ ದಾಟಿರುತ್ತದೆ. ಕಂಟ್ರೋಲರ್ ಕಟ್ಟುವವರು ಡಿಎಸ್ 3231 ಎಂಬ ಗಡಿಯಾರದ ಚಿಪ್ಪು ಹಾಕಿ. ಒಂದು ಗುಂಡಿ ಸೆಲ್ಲಿನಲ್ಲಿ ಅದು ಕರೆಂಟಿಲ್ಲದೆಯೂ ನಡೆಯುತ್ತದೆ, ವರ್ಷಕ್ಕೆ ಒಂದು ನಿಮಿಷದಷ್ಟು ತಪ್ಪಬಹುದು. ಕರೆಂಟ್ ಬಂದ ಕೂಡಲೇ ಈಗ ಎಷ್ಟು ಹೊತ್ತಾಗಿದೆಯೋ ಆ ಹೊತ್ತಿನ ಬೆಳಕಿಗೆ ದೀಪ ಹಾರದೆ, ಐದು ನಿಮಿಷದಲ್ಲಿ ಮೆಲ್ಲಗೆ ತಲುಪುವಂತೆ ಪ್ರೋಗ್ರಾಮಿನಲ್ಲಿ ಎರಡು ಸಾಲು ಹೆಚ್ಚಿಗೆ ಬರೆಯಿರಿ.

ನನ್ನ ತೊಟ್ಟಿಯ ದಿನಚರಿ ಇದು. ಎರಡು ಅಡಿ ಉದ್ದದ, 65 ಲೀಟರಿನ ಸಿಹಿನೀರಿನ ತೊಟ್ಟಿ. ಗಿಡಗಳು ವ್ಯಾಲಿಸ್ನೇರಿಯಾ, ಆಂಬುಲಿಯಾ, ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬೆಳೆಯುವ ಒಂದು ಕ್ರಿಪ್ಟೊಕೊರಿನ್. ಮಧ್ಯಾಹ್ನ ಹನ್ನೆರಡೂವರೆಗೆ ಬೆಳಗು, ಒಂದಕ್ಕೆ ಪೂರ್ತಿ ಮಟ್ಟ ಎಂದರೆ ಅರವತ್ತು, ಏಳೂವರೆಯಿಂದ ಇಳಿಮುಖ, ಎಂಟಕ್ಕೆ ಕತ್ತಲು. ನೇರವಾಗಿ ಏರುವ ಅರ್ಧ ಗಂಟೆಯಲ್ಲಿ ಗಿಡಕ್ಕೆ ಸಿಗುವುದು ಕಾಲು ಗಂಟೆಯ ಪೂರ್ತಿ ಬೆಳಕು, ನನ್ನ ಬಾಗಿದ ಗೆರೆಯಲ್ಲಿ ಇನ್ನೂ ಕಡಿಮೆ. ಒಟ್ಟು ಏಳು ಗಂಟೆಗೆ ಸ್ವಲ್ಪ ಕಡಿಮೆ ಎಂದು ಇಟ್ಟುಕೊಳ್ಳಿ. ಹೊಸ ತೊಟ್ಟಿಗೆ ಇದೂ ಹೆಚ್ಚು. ಮೂವತ್ತರಿಂದ ಶುರುಮಾಡಿ ವಾರಕ್ಕೆ ಐದೈದು ಏರಿಸಿ. ಗಾಜಿಗೆ ಹಸಿರು ಹಿಡಿದರೆ ಔಷಧಿ ಹುಡುಕುವ ಮೊದಲು ಹೊತ್ತನ್ನು ಒಂದು ಗಂಟೆ ಕಡಿಮೆ ಮಾಡಿ. ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಇಟ್ಟವರು ಅದರ ವಾಲ್ವನ್ನೂ ಇದೇ ಕಂಟ್ರೋಲರ್‌ಗೆ ಕೊಟ್ಟು, ಬೆಳಕಿಗಿಂತ ಒಂದು ಗಂಟೆ ಮೊದಲು ತೆರೆದು ಬೆಳಕು ಇಳಿಯುವ ಮೊದಲೇ ಮುಚ್ಚಲಿ. ಇಲ್ಲಿನ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕುವಂತೆ ನಡುವೆ ಮೂರು ಗಂಟೆ ದೀಪಕ್ಕೂ ವಿರಾಮ ಕೊಟ್ಟರೆ ಪಾಚಿ ಬಾರದು ಎನ್ನುವವರಿದ್ದಾರೆ. ನಾನೂ ಎರಡು ತಿಂಗಳು ಮಾಡಿ ನೋಡಿದೆ. ಪಾಚಿ ಕಡಿಮೆಯಾಗಲಿಲ್ಲ, ಬಿಟ್ಟೆ.

ಉಪ್ಪುನೀರಿನ ತೊಟ್ಟಿಯ ಬಗ್ಗೆ ಒಂದೇ ಮಾತು, ಆದರೆ ಗಟ್ಟಿಯಾಗಿ ಹೇಳುತ್ತೇನೆ. ಮುರಗಾಂವದಾಚೆ ಗ್ರಾಂಡೆ ದ್ವೀಪದ ಸುತ್ತ ಹವಳವಿದೆ, ನಮ್ಮ ಮುರ್ಡೇಶ್ವರದಾಚೆ ನೇತ್ರಾಣಿಯಲ್ಲೂ ಇದೆ. 1966ರಲ್ಲಿ ಹುಟ್ಟಿದ, ಈಗ ದೋನಾ ಪಾವುಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಗ್ರಾಂಡೆಯ ಹವಳ ಬಿಳಿಚಿಕೊಳ್ಳುವುದನ್ನು ದಾಖಲಿಸಿದ್ದಾರೆ. ಹವಳದ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬೆಳಕಿನಿಂದ ಅಡುಗೆ ಮಾಡಿ ಅದಕ್ಕೆ ಉಣಿಸುತ್ತದೆ. ನೀರು ಬಿಸಿಯಾಗಿ ಬಿಸಿಲೂ ಸೇರಿದರೆ ಹವಳ ಆ ಪಾಚಿಯನ್ನೇ ಹೊರಹಾಕುತ್ತದೆ. ಮೊದಲೇ ನರಳುತ್ತಿರುವ ಆ ಜೀವವನ್ನು ಕಿತ್ತು ತಂದು ನೀಲಿ ದೀಪದ ಕೆಳಗಿಟ್ಟು ನೋಡುವ ಆಸೆ ಯಾರಿಗೂ ಬೇಡ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಹವಳವನ್ನು ಸೇರಿಸಿದ್ದಾರೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಮಾರುವವರು ಸಿಕ್ಕರೂ ಕೊಳ್ಳಬೇಡಿ. ಸಾಕಿ ಬೆಳೆಸಿದ ಕ್ಲೌನ್ ಮೀನನ್ನು ಮಾತ್ರ ಇಟ್ಟುಕೊಂಡಿರುವವರಿಗೆ ಅಷ್ಟು ಪ್ರಖರ ಬೆಳಕಿನ ಅಗತ್ಯವೂ ಇಲ್ಲ.

ಮಳೆಗಾಲಕ್ಕೆ ಮುನ್ನ ಮಾಡಬೇಕಾದ ಕೆಲವು ಕೆಲಸಗಳಿವೆ. ತೊಟ್ಟಿಯ ಲೈನಿಗೆ, ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಕಂಟ್ರೋಲರ್ ಆಮೇಲೆ ಕೊಳ್ಳಬಹುದು. ಡ್ರೈವರನ್ನು ತೊಟ್ಟಿಯ ಮುಚ್ಚಳದ ಮೇಲೆ ಇಡದೆ ಪಕ್ಕದ ಗೋಡೆಗೆ, ಗಾಳಿಯಾಡುವ ಕಡೆ ಹಾಕಿ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋಕಾಲಿಯಂತೆ ಇಳಿದು ಮತ್ತೆ ಮೇಲೇರಲಿ, ಹರಿದು ಬಂದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಬರೀ ತಾಮ್ರದ ತಂತಿಯ ಬದಲು ತವರ ಲೇಪಿಸಿದ್ದನ್ನು ಕೊಳ್ಳಿ, ಜೋಡಣೆಗಳನ್ನು ಬೆಸುಗೆ ಹಾಕಿ ಮೇಲೆ ಬಿಸಿಗೆ ಕುಗ್ಗುವ ತೋಳು ತೊಡಿಸಿ, ಸಿಕ್ಕಿಸುವ ಪಿನ್ನುಗಳಿಗೆ ಸ್ವಲ್ಪ ವ್ಯಾಸಲೀನ್ ಸವರಿ. ಜೂನ್ ಒಂದರಂದು ದೋಣಿಗಳು ದಡಕ್ಕೆ ಬಂದು ಎರಡು ತಿಂಗಳು ಮೀನುಗಾರಿಕೆ ನಿಲ್ಲುತ್ತದಲ್ಲ, ಆ ದಿನವನ್ನೇ ನಾನು ಗುರುತಿಟ್ಟುಕೊಂಡಿದ್ದೇನೆ. ಪ್ರತಿ ವರ್ಷ ಅಂದು ಎಲ್ಲ ಪಿನ್ನುಗಳನ್ನು ಬಿಚ್ಚಿ ಒರೆಸಿ ಮತ್ತೆ ಹಾಕುತ್ತೇನೆ.

ಇವತ್ತು ರಾತ್ರಿ ಎಲ್ಲ ದೀಪ ಆರಿಸಿದ ಮೇಲೆ ತೊಟ್ಟಿಯ ಮುಂದೆ ಹತ್ತು ನಿಮಿಷ ಸುಮ್ಮನೆ ಕೂತು ನೋಡಿ. ಕಣ್ಣು ಹೊಂದಿಕೊಂಡ ಮೇಲೆ ಎಲ್ಲಿಂದ ಇನ್ನೂ ಬೆಳಕು ಬರುತ್ತಿದೆ ಎಂಬುದು ಕಾಣುತ್ತದೆ. ಬೀದಿದೀಪವಾದರೆ ಕಿಟಕಿಗೆ ಒಂದು ಪರದೆ ಹಾಕಿ. ಅಡಾಪ್ಟರಿನ ನೀಲಿ ಚುಕ್ಕೆ ನೀರಿನ ಮೇಲೆ ಬೀಳುತ್ತಿದ್ದರೆ ಅದರ ಮೇಲೆ ಒಂದು ಚೂರು ಕಪ್ಪು ಟೇಪು ಅಂಟಿಸಿ.